ಮಣಿಪಾಲದ ಏರು ಹತ್ತಲು ದುಬಾರಿ ಸೈಕಲ್ಲೇ ಬೇಕೆ?

ಪ್ರಶ್ನೆ: ಉಡುಪಿ ಕಲ್ಸಂಕದಿಂದ ಮಣಿಪಾಲಕ್ಕೆ ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಬೇಕೆಂದಿದ್ದೇನೆ. ಶಾಲೆ ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ. ಅಂಗಡಿಯಲ್ಲಿ 15 ಸಾವಿರದ್ದೂ ಇದೆ, 60 ಸಾವಿರದ್ದೂ ಇದೆ. ಹಗುರದ್ದನ್ನೇ ಕೊಂಡರೆ ಏರು ಸುಲಭವಾಗುತ್ತದೆಯೆ?

ಉತ್ತರ: ತುಸು ಸುಲಭವಾಗುತ್ತದೆ, ಆದರೆ ಹೆಚ್ಚಿಗೆ ಕೊಡುವ 45 ಸಾವಿರಕ್ಕೆ ತಕ್ಕಷ್ಟಲ್ಲ. ನಿಮ್ಮ ತೂಕ 70 ಕಿಲೋ, ಸೈಕಲ್ಲಿನದು 15 ಕಿಲೋ ಎಂದಿಟ್ಟುಕೊಳ್ಳಿ. ಇಂದ್ರಾಳಿ ದಾಟಿದ ಮೇಲಿನ ಏರಿನಲ್ಲಿ ನೀವು ಎತ್ತಬೇಕಾದದ್ದು 85 ಕಿಲೋ. 11 ಕಿಲೋದ ಸೈಕಲ್ ತಂದರೆ 81. ಉಳಿತಾಯ ನೂರಕ್ಕೆ ಐದೂ ಇಲ್ಲ.

ಏರಿನಲ್ಲಿ ಕೈಹಿಡಿಯುವುದು ಗಿಯರ್. ಚೈನ್ ಕೂರುವ ಹಲ್ಲುಚಕ್ರದಲ್ಲಿ ಮುಂದೆ ಪೆಡಲ್ ಬಳಿ 44 ಹಲ್ಲು, ಹಿಂದೆ 18 ಹಲ್ಲು ಇರುವ ಗಿಯರಿಲ್ಲದ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿಯಬೇಕೆಂದರೆ ಗಂಟೆಗೆ ಸುಮಾರು 19 ಕಿ.ಮೀ. ವೇಗ ಬೇಕು. ಹೊಸಬರಿಗೆ ಆ ಏರಿನಲ್ಲಿ ಅದು ಆಗದ ಮಾತು. ವೇಗ ಇಳಿದಂತೆ ಪ್ರತಿ ಸುತ್ತಿನ ಭಾರವೂ ಮಂಡಿಯ ಮೇಲೆ ಬೀಳುತ್ತದೆ. ಮುಂದೆ 28, ಹಿಂದೆ 28 ಹಲ್ಲು ಸಿಗುವ ಸೈಕಲ್ಲಾದರೆ ಅಷ್ಟೇ ಸುತ್ತಿಗೆ ಗಂಟೆಗೆ 8 ಕಿ.ಮೀ. ಸಾಕು, ಕೂತೇ ಹತ್ತಬಹುದು. ಹಾಗಾಗಿ ಅಂಗಡಿಯಲ್ಲಿ ಗಿಯರ್ ಎಷ್ಟು ಎಂದು ಕೇಳಬೇಡಿ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು, ಹಿಂದಿನ ಅತಿ ದೊಡ್ಡದರ ಹಲ್ಲು ಎಣಿಸಿ. ಮುಂದೆ 34ಕ್ಕಿಂತ ಕಡಿಮೆಯಿಲ್ಲದ, ಹಿಂದೆ 28ಕ್ಕೆ ಮುಗಿಯುವ ದುಬಾರಿ ರೇಸಿಂಗ್ ಸೈಕಲ್ಲು ಈ ಲೆಕ್ಕದಲ್ಲಿ ಮುಂದೆ 28, ಹಿಂದೆ 28 ಇರುವ ಅಗ್ಗದ ಸೈಕಲ್ಲಿಗಿಂತ ಕಷ್ಟದ್ದೇ.

ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಹೊಂಡದ ಏಟು ತಡೆಯುವ ಮುಂದಿನ ಶಾಕ್ ಬೇಡವೇ ಬೇಡ. ತೂಕ ಹೆಚ್ಚು, ಎದ್ದು ತುಳಿದಾಗ ಕುಸಿಯುತ್ತದೆ. ಮಳೆನೀರು ಒಳಗಿಳಿದು ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ. 35ರಿಂದ 40 ಮಿ.ಮೀ. ಅಗಲದ ಟಯರಿಗೆ ಹದವಾಗಿ ಗಾಳಿ ಹಾಕಿದರೆ ಹೊಂಡಗಳಿಗೆ ಸಾಕು. ಟಯರಿನ ಬದಿಯಲ್ಲಿ ಬರೆದ ಮಿತಿ ಮೀರಬಾರದು, ಅಷ್ಟೆ.

ಹಣ ಹಾಕಬೇಕಾದದ್ದು ಬ್ರೇಕಿಗೆ. ಸಂಜೆ ಮನೆಗೆ ಬರುವ ದಾರಿ ಇಳಿಜಾರು, ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ. ರಿಮ್ಮಿಗೆ ಒತ್ತುವ ಬ್ರೇಕು ನೀರನ್ನು ಒರೆಸಿ ಆಮೇಲೆ ಹಿಡಿಯುತ್ತದೆ, ಅಷ್ಟರಲ್ಲಿ ಸೈಕಲ್ಲು ಮುಂದೆ ಹೋಗಿಯಾಗಿರುತ್ತದೆ. ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕ್ ಸಾಕು, ಆಯಿಲಿನದ್ದೇ ಆಗಬೇಕೆಂದಿಲ್ಲ.

ಅಳತೆ ತಪ್ಪಿದರೆ ಯಾವ ಬೆಲೆಯ ಸೈಕಲ್ಲೂ ನೋವು ಕೊಡುತ್ತದೆ. ಮೇಲಿನ ಅಡ್ಡ ಪೈಪಿನ ಆಚೀಚೆ ಕಾಲಿಟ್ಟು ನಿಂತಾಗ 3ರಿಂದ 5 ಸೆಂ.ಮೀ. ಸಂದು ಉಳಿಯಲಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲ್ ಕೆಳಗಿಳಿದಾಗ ಕಾಲು ನೇರವಾಗಬೇಕು. ಸೀಟು ಇದಕ್ಕಿಂತ ತಗ್ಗಿದ್ದರೆ ಮಂಡಿ ನೋಯುತ್ತದೆ, ದೂರು ಮಾತ್ರ ಸೈಕಲ್ಲಿನ ಮೇಲೆ ಬರುತ್ತದೆ!

ಉಳಿದ ಹಣದಲ್ಲಿ ಹೆಲ್ಮೆಟ್, ಹಿಂದಿನ ಕೆಂಪು ಲೈಟು, ಮಡ್‌ಗಾರ್ಡ್, ಪಂಪು ಕೊಳ್ಳಿ. ಪೆಡಲಿಗೆ ಸಿಕ್ಕಿಸುವ ಶೂ ಈಗ ಬೇಡ. ಕಡಿಯಾಳಿಯಲ್ಲಿ ಬಸ್ಸು ತಟ್ಟನೆ ನಿಂತಾಗ ಕಾಲು ಬಿಡಿಸಲು ಆಗದೆ ಬೀಳುತ್ತೀರಿ.

ಕರಾವಳಿಯಲ್ಲಿ ಮೊದಲು ಕೆಡುವುದು ಚೈನ್. ಮಳೆಯಲ್ಲಿ ನೆನೆದ ದಿನ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ತೆಗೆಯಿರಿ. ಹೆಚ್ಚಿನ ಎಣ್ಣೆ ಹಾಗೇ ಉಳಿದರೆ ಮರಳು ಅಂಟಿ ಅರದಂತೆ ತಿನ್ನುತ್ತದೆ. ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು 24 ಕೊಂಡಿಗಳ ಉದ್ದ ಅಳೆಯಿರಿ. ಹೊಸ ಚೈನಿನಲ್ಲಿ ಅದು 305 ಮಿ.ಮೀ. 307 ಮುಟ್ಟುವ ಮೊದಲೇ ಚೈನ್ ಬದಲಿಸಿ. ತಡಮಾಡಿದರೆ ಹಿಂದಿನ ಹಲ್ಲುಗಳೂ ಸವೆದು ಅವನ್ನೂ ಬದಲಿಸಬೇಕಾಗುತ್ತದೆ.