ಸಿಆರ್‌ಪಿ: ನ್ಯುಮೋನಿಯಾದ ಪರೀಕ್ಷೆ ಹೃದಯದ ರಿಪೋರ್ಟಿಗೆ ಬಂದ ಬಗೆ

ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಕೊಲೆಸ್ಟ್ರಾಲ್ ಜೊತೆಗೆ ಈಗ ‘ಎಚ್‌ಎಸ್-ಸಿಆರ್‌ಪಿ’ಯೂ ಸೇರಿಕೊಂಡಿದೆ. ದೇಹದಲ್ಲಿ ಉರಿಯೂತವಾದಾಗ ರಕ್ತದಲ್ಲಿ ಏರುವ ‘ಸಿ-ರಿಯಾಕ್ಟಿವ್ ಪ್ರೋಟೀನ್’ (ಸಿಆರ್‌ಪಿ) ಎಷ್ಟಿದೆಯೆಂದು ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆ ಇದು. ಅಂಕಿ 3 ದಾಟಿತೆಂದರೆ ಮನೆಮಂದಿಗೆಲ್ಲ ಗಾಬರಿ.

ಈ ಪ್ರೋಟೀನನ್ನು ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಮುಂದೆ ದಶಕಗಳ ಕಾಲ ಅದು ಸೋಂಕು, ಸಂಧಿವಾತಗಳ ಪರೀಕ್ಷೆಯಾಗಿಯೇ ಇತ್ತು. 1997ರಲ್ಲಿ ಅಮೆರಿಕದ ವೈದ್ಯರ ಮೇಲೆ ನಡೆದ ಅಧ್ಯಯನವೊಂದು ಅದನ್ನು ಹೃದಯದತ್ತ ತಿರುಗಿಸಿತು. ಆರೋಗ್ಯವಾಗಿದ್ದಾಗ ತೆಗೆದಿಟ್ಟ ರಕ್ತದಲ್ಲಿ ಸಿಆರ್‌ಪಿ ಅತಿ ಹೆಚ್ಚಿದ್ದ ಕಾಲುಭಾಗದವರಿಗೆ, ಅತಿ ಕಡಿಮೆಯಿದ್ದವರಿಗಿಂತ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟು. 2003ರಲ್ಲಿ ಮಿತಿಗಳೂ ಬಂದವು: ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಅಪಾಯ ಕಡಿಮೆ, 3ರ ಮೇಲೆ ಹೆಚ್ಚು.

ಗೋಜಲು ಶುರುವಾದದ್ದು 2008ರ ‘ಜುಪಿಟರ್’ ಪ್ರಯೋಗದಿಂದ. ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಡೆಸಿಲೀಟರಿಗೆ 130 ಮಿಲಿಗ್ರಾಂಗಿಂತ ಕಡಿಮೆ, ಆದರೆ ಸಿಆರ್‌ಪಿ ಲೀಟರಿಗೆ 2 ಅಥವಾ ಹೆಚ್ಚಿದ್ದ 17,802 ಮಂದಿಯನ್ನು ಆರಿಸಿ, ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ರೋಸುವಾಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಮಾತ್ರೆ) ಕೊಟ್ಟರು. ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳು ಶೇ 44ರಷ್ಟು ಇಳಿದವು. ಆದರೆ ಆ ಮಾತ್ರೆ ಸಿಆರ್‌ಪಿಯನ್ನು ತಗ್ಗಿಸುವುದರ ಜೊತೆಗೆ ಎಲ್‌ಡಿಎಲ್ ಅನ್ನೂ ಅರ್ಧಕ್ಕಿಳಿಸಿತ್ತು. ಲಾಭ ಯಾವುದರಿಂದ? ಸಿಆರ್‌ಪಿ ಕಡಿಮೆಯಿದ್ದವರನ್ನು ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಹಾಗಾಗಿ ಹೋಲಿಸಿ ನೋಡುವ ದಾರಿಯೇ ಮುಚ್ಚಿತ್ತು. ಆದರೂ ‘ಸಿಆರ್‌ಪಿ ಇಳಿಸಿದರೆ ಹೃದಯ ಉಳಿಯುತ್ತದೆ’ ಎಂಬ ಮಾತು ಹಬ್ಬಿತು. ಅಷ್ಟು ದೊಡ್ಡ ಪ್ರಯೋಗದಲ್ಲಿ ಈ ಒಂದು ಪ್ರಶ್ನೆ ಬಾಕಿ ಉಳಿಯಬಾರದಿತ್ತು.

ಉತ್ತರದ ಒಂದು ಪಾಲು ವಂಶವಾಹಿಗಳಿಂದ ಸಿಕ್ಕಿತು. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿರುವವರಿಗೆ ಅದೊಂದೇ ಕಾರಣಕ್ಕೆ ಹೃದ್ರೋಗ ಹೆಚ್ಚಿಲ್ಲ. ಅಂದರೆ ಸಿಆರ್‌ಪಿ ಉರಿಯೂತದ ಗುರುತು, ಹೃದ್ರೋಗದ ಕಾರಣವಲ್ಲ. ಸಿಆರ್‌ಪಿ ತಯಾರಿಸುವಂತೆ ಲಿವರ್‌ಗೆ ಸೂಚನೆ ಕೊಡುವುದು ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್ ಇಂಟರ್‌ಲ್ಯೂಕಿನ್-6. ಅದಕ್ಕೂ ಹಿಂದಿನ ಕೊಂಡಿ ಇಂಟರ್‌ಲ್ಯೂಕಿನ್-1. 2017ರ ‘ಕ್ಯಾಂಟೋಸ್’ ಪ್ರಯೋಗದಲ್ಲಿ ಆ ಹಿಂದಿನ ಕೊಂಡಿಯನ್ನೇ ತಡೆದಾಗ ಎಲ್‌ಡಿಎಲ್ ಕದಲದೆಯೇ ಅವಘಡಗಳು ಶೇ 15ರಷ್ಟು ತಗ್ಗಿದವು. ಜೊತೆಗೆ ಸೋಂಕಿನಿಂದಾದ ಸಾವುಗಳು ಹೆಚ್ಚಿದವು. ಉರಿಯೂತ ತಗ್ಗಿಸಲು ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಹೃದಯದ ವಿಷಯದಲ್ಲಿ ಫಲ ಕೊಡಲಿಲ್ಲ. ಗೌಟಿನ ಹಳೆಯ ಮಾತ್ರೆ ಕಾಲ್ಚಿಸಿನ್ ಕೆಲವು ಪ್ರಯೋಗಗಳಲ್ಲಿ ಗೆದ್ದು, 2024ರ ದೊಡ್ಡದೊಂದರಲ್ಲಿ ಸೋತಿತು.

ರಿಪೋರ್ಟು ಓದುವಾಗ ಮೊದಲು ಅಳತೆಯ ಮಾನ ನೋಡಬೇಕು. ಡೆಸಿಲೀಟರಿಗೆ 0.3 ಮಿಲಿಗ್ರಾಂ ಎಂದಿದ್ದರೆ ಅದು ಲೀಟರಿಗೆ 3. ಜ್ವರ, ಶೀತ, ವಸಡಿನ ಬಾವು, ಬೊಜ್ಜು, ಧೂಮಪಾನ ಎಲ್ಲವೂ ಈ ಅಂಕಿಯನ್ನು ಏರಿಸುತ್ತವೆ. 10 ದಾಟಿದ್ದರೆ ಹೃದಯದ ಲೆಕ್ಕಕ್ಕೆ ಹಿಡಿಯದೆ ಮೊದಲು ಸೋಂಕನ್ನು ಹುಡುಕಬೇಕು. ಆರೋಗ್ಯವಾಗಿರುವಾಗ ಎರಡು ವಾರದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸರಾಸರಿ ತೆಗೆಯಬೇಕು. ಆಗಲೂ 2ರ ಮೇಲೆ ನಿಂತರೆ, ಸ್ಟ್ಯಾಟಿನ್ ಬೇಕೋ ಬೇಡವೋ ಎಂಬ ಅನುಮಾನ ಇದ್ದವರಲ್ಲಿ ಅದು ‘ಬೇಕು’ ಎಂಬ ಕಡೆಗೆ ತಕ್ಕಡಿ ವಾಲಿಸುತ್ತದೆ.