ಹಿಡಿದ ಭುಜ ಜಗ್ಗಿದರೆ ಬಿಡುತ್ತದೆಯೇ?

ಬ್ಯಾಡಗಿಯ ಓದುಗರ ಪ್ರಶ್ನೆ: ನಮ್ಮವ್ವಗ 52 ವರ್ಷ, ಶುಗರ್ ಐತಿ. ನಾಕ್ ತಿಂಗಳಾತು, ಬಲಗೈ ಮ್ಯಾಲ ಎತ್ತಾಕ ಬರವಲ್ದು, ಹೆರಳ ಹಾಕ್ಕೊಳ್ಳಾಕ ಆಗವಲ್ದು. ರಾತ್ರಿ ಆ ಮಗ್ಗಲ ಮಲಗಿದ್ರ ನೋವು. ಎಣ್ಣಿ ಹಚ್ಚಿ ಜಗ್ಗಿದ್ರ ಬಿಡತೈತಿ ಅಂತಾರ. ಜಗ್ಗಸಬಹುದೇನ್ರಿ?

ಎಣ್ಣೆ ಹಚ್ಚಿಸಿರಿ, ಜಗ್ಗಿಸಬೇಡಿ. ಮೊದಲು ಕೈ ಏಕೆ ಏಳುತ್ತಿಲ್ಲ ಎಂದು ನೋಡೋಣ.

ಅವ್ವನನ್ನು ಕುರ್ಚಿಯ ಮೇಲೆ ಕೂಡಿಸಿ. ಬಲ ಮೊಣಕೈ ಮಡಚಿ ಪಕ್ಕೆಗೆ ಅಂಟಿಸಿ, ಮುಂಗೈ ನೇರ ಮುಂದಕ್ಕಿರಲಿ. ಮೊಣಕೈ ಪಕ್ಕೆ ಬಿಡದಂತೆ ಹಿಡಿದು, ಮುಂಗೈಯನ್ನು ನೀವೇ ಮೆಲ್ಲಗೆ ಹೊರಕ್ಕೆ ಸರಿಸಿ. ಎಡಗೈಗೂ ಹಾಗೇ ಮಾಡಿ. ಎಡಗೈ ಸಲೀಸಾಗಿ ಹೊರಳಿ, ಬಲಗೈ ಕಟ್ಟಿಹಾಕಿದಂತೆ ನಡುವೆಯೇ ನಿಂತರೆ ಅದು ಫ್ರೋಜನ್ ಶೋಲ್ಡರ್ ಇರುವ ಸಂಭವ ಹೆಚ್ಚು. ಕೀಲಿನ ಸುತ್ತಲಿನ ಪೊರೆ ಬಾತು, ದಪ್ಪಗಾಗಿ, ಕುಗ್ಗಿರುತ್ತದೆ. 40ರಿಂದ 60ರೊಳಗಿನ ಹೆಂಗಸರಲ್ಲಿ, ಶುಗರ್ ಅಥವಾ ಥೈರಾಯ್ಡ್ ಇದ್ದವರಲ್ಲಿ ಇದು ಜಾಸ್ತಿ.

ನೀವು ಎತ್ತಿದಾಗ ಕೈ ಪೂರ್ತಿ ಏಳುತ್ತದೆ, ಬಿಟ್ಟರೆ ಅವರಿಗೆ ತಡೆದು ನಿಲ್ಲಿಸಲಾಗುವುದಿಲ್ಲ ಎಂದರೆ ಕಥೆ ಬೇರೆ, ಸ್ನಾಯುವನ್ನು ಎಲುಬಿಗೆ ಹಿಡಿದಿಡುವ ಸ್ನಾಯುರಜ್ಜು ಹರಿದಿರಬಹುದು. ಬಿದ್ದ ಮೇಲೆ ಹೀಗಾಗಿದ್ದರೆ ತಡ ಮಾಡಬೇಡಿ. ಹರಿದ ಸ್ನಾಯು ತಿಂಗಳುಗಟ್ಟಲೆ ಹಾಗೇ ಉಳಿದರೆ ಹಿಂದಕ್ಕೆ ಸರಿದು ಕೊಬ್ಬು ತುಂಬಿಕೊಳ್ಳುತ್ತದೆ, ಆಮೇಲೆ ಹೊಲಿದರೂ ಹಿಡಿಯುವುದು ಕಷ್ಟ.

ಎಂ.ಆರ್.ಐ.ಗೆಂದು ಹುಬ್ಬಳ್ಳಿಗೆ ಓಡುವ ಮೊದಲು ಹಾವೇರಿಯಲ್ಲೇ ಎಲುಬಿನ ಡಾಕ್ಟರಿಗೆ ತೋರಿಸಿ ಒಂದು ಎಕ್ಸ್‌ರೇ ತೆಗೆಸಿ. ಕೀಲು ಸವೆದಿದ್ದರೂ ಕೈ ಹೀಗೇ ಹೊರಳುವುದಿಲ್ಲ, ಅದು ಎಕ್ಸ್‌ರೇಯಲ್ಲೇ ಕಾಣುತ್ತದೆ.

ಜಗ್ಗಬಾರದೇಕೆ? ಆಸ್ಪತ್ರೆಯಲ್ಲೂ ಕೆಲವೊಮ್ಮೆ ಅರಿವಳಿಕೆ ಕೊಟ್ಟು ಭುಜ ಬಿಡಿಸುತ್ತಾರೆ. ಆಗ ಸ್ನಾಯು ಸಡಿಲವಾಗಿರುತ್ತದೆ. ಡಾಕ್ಟರು ತೋಳನ್ನು ಭುಜದ ಹತ್ತಿರವೇ ಹಿಡಿಯುತ್ತಾರೆ. ಅಷ್ಟಾದರೂ ಎಲುಬು ಮುರಿಯುವ ಭಯ ಇದ್ದೇ ಇದೆ. ಊರಲ್ಲಿ ಜಗ್ಗುವವರು ಹಿಡಿಯುವುದು ಮಣಿಕಟ್ಟನ್ನು. ನೋವಿಗೆ ಸ್ನಾಯು ಬಿಗಿದಿರುತ್ತದೆ, ಉದ್ದನೆಯ ಕೈ ಹಾರೆಯಂತೆ ಮೀಟುತ್ತದೆ, ಆ ಭಾರವೆಲ್ಲ ತೋಳಿನ ಎಲುಬಿನ ಮೇಲೆ.

ರಾತ್ರಿ ನೋವು ಜೋರಿರುವ ಈ ಹಂತದಲ್ಲಿ ಕೀಲಿನೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವರ್ಷ ಕಳೆದು ನೋವು ಇಳಿದು, ಬರೀ ಬಿಗಿತ ಉಳಿದ ಮೇಲೆ ಅದರಿಂದ ಅಂಥ ಲಾಭವಿಲ್ಲ. ಆದರೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ, ಒಮ್ಮೊಮ್ಮೆ ವಾರದವರೆಗೂ, ಶುಗರ್ ಏರುತ್ತದೆ. ಡಾಕ್ಟರಿಗೆ ಮೊದಲೇ ಹೇಳಿ, ಆ ವಾರ ದಿನಾ ಶುಗರ್ ನೋಡಿಕೊಳ್ಳಿ. ಅಂಗಡಿಯ ನೋವಿನ ಗುಳಿಗೆ ತಿಂಗಳುಗಟ್ಟಲೆ ನುಂಗಿಸಬೇಡಿ, ಶುಗರ್ ಇದ್ದವರ ಕಿಡ್ನಿಗೆ ಅದು ಕೆಟ್ಟದ್ದು.

ಇಂಜೆಕ್ಷನ್ ಬರೀ ನೋವು ತಗ್ಗಿಸಿ ದಾರಿ ಮಾಡಿಕೊಡುತ್ತದೆ, ಕೈ ಬಿಡಿಸುವುದು ವ್ಯಾಯಾಮವೇ. ಎಡಗೈ ಟೇಬಲ್ಲಿಗೆ ಊರಿ ಮುಂದಕ್ಕೆ ಬಾಗಿ, ಬಲಗೈ ಜೋತುಬಿಟ್ಟು, ರೊಟ್ಟಿಯಷ್ಟು ಅಗಲದ ಸುತ್ತು ಹಾಕಿಸಿ. ತೂಗಬೇಕಾದ್ದು ಮೈ, ತೋಳಲ್ಲ. ಆಮೇಲೆ ಎರಡೂ ಕೈಯಲ್ಲಿ ಅಡ್ಡ ಕೋಲು ಹಿಡಿದು, ಎಡಗೈಯಿಂದ ಬಲಗೈಯನ್ನು ಹೊರಕ್ಕೆ ತಳ್ಳುವುದು, 10 ಸಲ. ಕೊನೆಗೆ ಬೆರಳಿನಿಂದ ಗೋಡೆ ಹತ್ತಿ, ಮುಟ್ಟಿದ ಕಡೆ ಸುಣ್ಣದ ಗೀಟು ಹಾಕಿ. ದಿನಕ್ಕೆ ಮೂರು ಹೊತ್ತು, ಬಿಸಿನೀರಿನ ಶಾಖ ಕೊಟ್ಟ ಮೇಲೆ. ವ್ಯಾಯಾಮದ ನೋವು ಅರ್ಧ ತಾಸಿನಲ್ಲಿ ಇಳಿಯಬೇಕು. ಆ ರಾತ್ರಿ ನಿದ್ದೆ ಕೆಟ್ಟಿತೆಂದರೆ ಮರುದಿನ ಕಡಿಮೆ ಮಾಡಿ.

ಪೂರ್ತಿ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು, ಶುಗರ್ ಇದ್ದವರಿಗೆ ಇನ್ನೂ ನಿಧಾನ. ಬಹಳ ತಿಂಗಳು ಮಾಡಿಯೂ ಗೀಟು ಮೇಲೇರದಿದ್ದರೆ ದುರ್ಬೀನಿನ ಆಪರೇಷನ್ನಿನ ಮಾತು. ನಡುವೆ ಜ್ವರ ಬಂದು ಭುಜ ಬಿಸಿಯಾಗಿ ಊದಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ.

ಕೈಗೆ ಜೋಳಿಗೆ ಕಟ್ಟಿ ಕೂಡಿಸಬೇಡಿ, ಇನ್ನಷ್ಟು ಹಿಡಿಯುತ್ತದೆ. ಕುಪ್ಪಸ ತೊಡುವಾಗ ಬಲಗೈ ಮೊದಲು, ಬಿಚ್ಚುವಾಗ ಕೊನೆಗೆ. ರೊಟ್ಟಿ ಬಡಿಯುವುದು, ಮೆಣಸಿನಕಾಯಿ ತೊಟ್ಟು ಬಿಡಿಸುವುದು ಭುಜಕ್ಕಿಂತ ಕೆಳಗಿನ ಕೆಲಸ, ನೋವು ಕೆರಳದಷ್ಟು ಮಾಡಲಿ. ಮೇಲಿನ ಹಲಗೆಯ ಡಬ್ಬಿಗಳನ್ನು ನೀವೇ ಕೆಳಗಿಳಿಸಿಡಿ.