ಚುಕ್ಕಿ ಇರೋದು ಕೈಯಲ್ಲಲ್ಲ, ಜಿಂಕೆ ಇರೋ ಕಡೆ

ಅಕ್ಟೋಬರ್ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಪುಟ್ಟ ರಟ್ಟಿನ ಡಬ್ಬಿಗಳು ಬರಲು ಶುರುವಾಗುತ್ತವೆ. ಒಳಗೆ ಸ್ಪಂಜಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ ರೆಡ್ ಡಾಟ್ ಇರುತ್ತದೆ, ಅಂದರೆ ಕೋವಿಯ ಮೇಲೆ ಕೂರಿಸಿ ಗಾಜಿನಲ್ಲಿ ಕಾಣುವ ಕೆಂಪು ಚುಕ್ಕಿಯಿಂದ ಗುರಿ ಹಿಡಿಯುವ ಸಾಧನ. ಜೊತೆಗೆ ಒಂದು ದೂರು. "ಡಾಕ್ಟರ್, ಇದು ಕೆಟ್ಟಿದೆ. ಚುಕ್ಕಿ ದುಂಡಗಿಲ್ಲ."

ನಾನು ಕೊಡಗಿನವಳು. ಇಪ್ಪತ್ತೆರಡು ವರ್ಷದಿಂದ ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ಆಪ್ಟೋಮೆಟ್ರಿಸ್ಟ್ ಆಗಿದ್ದೇನೆ. ಇಲ್ಲಿ ಜಿಂಕೆ ಬೇಟೆ ಅಂದರೆ ಊರಹಬ್ಬ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಎಷ್ಟೋ ಶಾಲೆಗಳಿಗೆ ರಜೆ. 2019ರಿಂದ ರೈಫಲ್ ಸೀಸನ್ ಶನಿವಾರವೇ ಶುರುವಾಗುತ್ತದೆ, ಆದರೂ ಸೋಮವಾರದ ರಜೆ ಬಿಡಲು ಯಾರಿಗೂ ಮನಸ್ಸಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಗೆ ನಿಷೇಧವಿದೆ. ಹಾಗಾಗಿ ಇದನ್ನು ಇಲ್ಲಿಯ ಮಾತು ಅಂತಲೇ ಓದಿಕೊಳ್ಳಿ. ಅಮೆರಿಕದಲ್ಲಿರುವ ನಮ್ಮ ಹುಡುಗರೂ ಈಗ ಲೈಸೆನ್ಸ್ ತೆಗೆದುಕೊಂಡು, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಪಕ್ಕದ ಮನೆಯವರ ಜೊತೆ ಕಾಡಿಗೆ ಹೋಗುತ್ತಿದ್ದಾರೆ. ನನಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ರೈಫಲ್ ಬಿಟ್ಟು ರಿವಾಲ್ವರ್ ಹಿಡಿಯುವವರು ಕಡಿಮೆ. ಆದರೆ ಹಿಡಿದವರು ಬಿಡುವುದಿಲ್ಲ. .44 ಮ್ಯಾಗ್ನಮ್ ಅನ್ನುವ ಜೋರಾದ ಗುಂಡು, ಏಳೂವರೆ ಇಂಚಿನ ನಳಿಗೆ, ಎರಡೂ ಕೈ ಚಾಚಿ ಹಿಡಿಯಬೇಕು. ಜಿಂಕೆಯ ಹತ್ತಿರ ಹೋಗಬೇಕು. ನನ್ನಲ್ಲಿಗೆ ಬರುವವರು 50 ಗಜ ದಾಟಿ ಹೊಡೆಯುವುದಿಲ್ಲ. ನಲವತ್ತೈದು ದಾಟಿತು, ಚಾಳೀಸು ಬಂತು, ಗುರಿ ಹಿಡಿಯಲು ನಳಿಗೆ ತುದಿಯಲ್ಲಿರುವ ಚಿಕ್ಕ ಗುಬಟು ಮಸುಕಾಯಿತು. ಆಗ ರೆಡ್ ಡಾಟ್ ಕೊಳ್ಳುತ್ತಾರೆ. ಅದು ಸರಿಯಾದ ನಿರ್ಧಾರವೇ. ತಪ್ಪಾಗುವುದು ಆಮೇಲೆ.

ಹೆಚ್ಚಿನವರು ಬಂದು ಕೇಳುವುದು ಇದು. "ನನ್ನ ಕೈ ಚಾಚಿದರೆ ಎರಡು ಅಡಿ ಚಿಲ್ಲರೆ. ಅಷ್ಟು ದೂರಕ್ಕೆ ಪವರ್ ಬರೆದುಕೊಡಿ, ಚುಕ್ಕಿ ಚೂಪಾಗಿ ಕಾಣಬೇಕು." ಕೆಲವರು ಟೇಪ್ ಹಿಡಿದು ಅಳತೆ ಮಾಡಿಕೊಂಡೇ ಬರುತ್ತಾರೆ. ನಾನು ಬರೆದುಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳುತ್ತಾರೆ. ಈ ಒಂದು ಮಾತನ್ನು ವರ್ಷಕ್ಕೆ ನೂರು ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ಗಾಜು ಹತ್ತಿರ ಇದೆ. ಚುಕ್ಕಿ ಹತ್ತಿರ ಇಲ್ಲ.

ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಎದುರಿಗೆ ಮೂರು ಅಡಿ ದೂರದಲ್ಲಿ ಕನ್ನಡಿ. ನಿಮ್ಮ ಹಿಂದಿನ ಗೋಡೆಯ ಗಡಿಯಾರ ಅದರಲ್ಲಿ ಕಾಣುತ್ತಿದೆ. ದೂರದ್ದು ಕಾಣದವರು ಕನ್ನಡಕ ತೆಗೆದಿಟ್ಟು ಕೂತಿದ್ದರೆ ಏನಾಗುತ್ತದೆ? ಕನ್ನಡಿ ಮುಂದಿರುವ ಬಾಚಣಿಗೆ ಒಂದು ಮಟ್ಟಿಗೆ ಕಾಣುತ್ತದೆ. ಗಡಿಯಾರದ ಮುಳ್ಳು ಕಾಣುವುದಿಲ್ಲ. ಕನ್ನಡಿ ಹತ್ತಿರವೇ ಇದೆ, ಅಲ್ವಾ? ಆದರೂ ಗಡಿಯಾರ ನೋಡಲು ದೂರದ ಕನ್ನಡಕವೇ ಬೇಕು. ರೆಡ್ ಡಾಟಿನ ಗಾಜು ಕೂಡ ಹೀಗೇ. ಅದು ಸ್ವಲ್ಪ ಬಾಗಿದ ಕನ್ನಡಿ. ಕೆಳಗೊಂದು ಸಣ್ಣ ಎಲ್‌ಇಡಿ ಕೂತಿರುತ್ತದೆ. ಅದರ ಬೆಳಕು ಗಾಜಿಗೆ ತಾಗಿ ಸಮಾನಾಂತರ ಸಾಲುಗಳಾಗಿ ನಿಮ್ಮ ಕಣ್ಣಿಗೆ ಬರುತ್ತದೆ. ನಕ್ಷತ್ರದ ಬೆಳಕು ಬರುವ ಹಾಗೆ. ಕಣ್ಣಿನ ಲೆಕ್ಕದಲ್ಲಿ ಆ ಚುಕ್ಕಿ ಜಿಂಕೆ ಇರುವ ಕಡೆ ಇದೆ, ಅದಕ್ಕಿಂತಲೂ ಆಚೆ ಇದೆ. ಬಸ್ಸಿನಲ್ಲಿ ಹೋಗುವಾಗ ಚಂದ್ರ ನಮ್ಮ ಜೊತೆಗೇ ಬರುತ್ತಾನಲ್ಲ, ತಲೆ ಅತ್ತಿತ್ತ ಆಡಿಸಿದರೂ ಚುಕ್ಕಿ ಗುರಿಯ ಮೇಲೇ ನಿಲ್ಲುವುದು ಅದೇ ಕಾರಣಕ್ಕೆ. ಈ ಉಪಾಯವನ್ನು 1900ರಲ್ಲಿ ಯೋಚಿಸಿದ್ದು ಡಬ್ಲಿನ್ನಿನ ಹೊವಾರ್ಡ್ ಗ್ರಬ್. ಅವರು ದೂರದರ್ಶಕ ಮಾಡುವವರು. ನಕ್ಷತ್ರದ ಬೆಳಕಿನ ಜೊತೆ ಕೆಲಸ ಮಾಡಿದವರಿಗೆ ಇದು ಹೊಳೆದಿದ್ದು ಸಹಜ ಅನ್ನಿಸುತ್ತದೆ ನನಗೆ. ಸ್ವೀಡನ್ನಿನ ಏಮ್‌ಪಾಯಿಂಟ್ ಮೊದಲ ಎಲೆಕ್ಟ್ರಾನಿಕ್ ರೆಡ್ ಡಾಟ್ ತಂದಿದ್ದು 1975ರಲ್ಲಿ.

ಬೈಫೋಕಲ್ ಹಾಕುವವರ ಕಷ್ಟ ಇನ್ನೂ ಜಾಸ್ತಿ. ನನ್ನ ಅಜ್ಜ ನೆನಪಾಗುತ್ತಾರೆ. ಕೊಡಗಿನ ಆಯುಧಪೂಜೆ ಹಬ್ಬವಾದ ಕೈಲ್ ಮುಹೂರ್ತದ ದಿನ ಮನೆಯ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಜ್ಜನಿಗೆ ಆಗಲೇ ಎಪ್ಪತ್ತು ದಾಟಿತ್ತು. ಗುರಿ ಹಿಡಿಯುವಾಗ ಗದ್ದ ಮೇಲೆತ್ತುತ್ತಿದ್ದರು. ಕನ್ನಡಕದ ಕೆಳಗಿನ ಅರ್ಧಚಂದ್ರದಿಂದ ನಳಿಗೆ ತುದಿಯನ್ನು ನೋಡಬೇಕಿತ್ತಲ್ಲ, ಅದಕ್ಕೆ. ನಾವು ಮಕ್ಕಳು ಹಿಂದೆ ನಿಂತು ಹಾಗೇ ಗದ್ದ ಎತ್ತಿ ಅಣಕಿಸುತ್ತಿದ್ದೆವು. ಆ ಕೋವಿಗೆ ಅಜ್ಜ ಮಾಡುತ್ತಿದ್ದುದು ಸರಿಯಾಗಿತ್ತು. ನನ್ನಲ್ಲಿಗೆ ಬರುವ ಬೇಟೆಗಾರರಿಗೂ ಹದಿನೈದು ಇಪ್ಪತ್ತು ವರ್ಷದಿಂದ ಅದೇ ಅಭ್ಯಾಸ. ರೆಡ್ ಡಾಟ್ ಹಾಕಿದ ಮೇಲೂ ಗದ್ದ ತಾನಾಗಿ ಮೇಲೆ ಹೋಗುತ್ತದೆ. ಓದುವ ಪವರಿನಿಂದ ದೂರದ ಚುಕ್ಕಿ ನೋಡಿದಂತಾಗುತ್ತದೆ. ಜಿಂಕೆಯೂ ಮಸುಕು, ಚುಕ್ಕಿಯೂ ಮಸುಕು. ಆಗ ಬೆಳಕು ಏರಿಸುತ್ತಾರೆ. ಚುಕ್ಕಿ ಕೆಂಪು ಉಂಡೆಯಾಗುತ್ತದೆ.

ಗದ್ದ ಇಳಿಸಿ. ಕನ್ನಡಕದ ಮೇಲ್ಭಾಗದಿಂದ ನೋಡಿ. ಎರಡು ಕಣ್ಣೂ ತೆರೆದು ಜಿಂಕೆಯನ್ನು ನೋಡಿ, ಚುಕ್ಕಿಯನ್ನು ಹುಡುಕಬೇಡಿ. ಆಗುವುದಾದರೆ ಬೇಟೆಗೆ ಅಂತಲೇ ಬರೀ ದೂರದ ಪವರ್ ಇರುವ ಇನ್ನೊಂದು ಕನ್ನಡಕ ಮಾಡಿಸಿಕೊಳ್ಳಿ. ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಆಗಿರಲಿ, ಪೆಟ್ಟು ತಡೆಯುವ ಕನ್ನಡಕಕ್ಕೆ ಹಾಕುವ ಜ಼ಡ್87 ಗುರುತು ಇರಲಿ. ರಿವಾಲ್ವರಿನಲ್ಲಿ ಗುಂಡು ತುಂಬುವ ಸಿಲಿಂಡರಿಗೂ ನಳಿಗೆಗೂ ನಡುವೆ ಸಂದು ಇರುತ್ತದೆ. ಅಲ್ಲಿಂದ ಸೀಸದ ಚೂರು ಸಿಡಿದದ್ದನ್ನು ಕಣ್ಣಿನ ರೆಪ್ಪೆಯಿಂದ ನಾನೇ ತೆಗೆದಿದ್ದೇನೆ. ಜೇಬಿನಲ್ಲಿ ಒಂದು ಓದುವ ಕನ್ನಡಕವೂ ಇರಲಿ, ಜಿಂಕೆಯ ಕಿವಿಗೆ ಕಟ್ಟುವ ಟ್ಯಾಗ್ ಬರೆಯಬೇಕಲ್ಲ.

ಇನ್ನು ದುಂಡಗಿಲ್ಲದ ಚುಕ್ಕಿಯ ವಿಷಯ. ಎರಡು ವರ್ಷದ ಹಿಂದೆ ಅರವತ್ತೆಂಟು ವರ್ಷದ ಹೈನುಗಾರರೊಬ್ಬರು ಬಂದರು. ಬಿರುಕು ಬಿಟ್ಟ ದಪ್ಪ ಬೆರಳುಗಳು. ಆ ಬೆರಳುಗಳಲ್ಲಿ ರೆಡ್ ಡಾಟನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದಿದ್ದರು. ಅದು ಅವರ ಮೂರನೆಯದು. ಮೊದಲಿನ ಎರಡನ್ನು ವಾಪಸ್ ಕಳಿಸಿದ್ದರಂತೆ. ಕಾರಿಡಾರಿನ ಕೊನೆಯಲ್ಲಿರುವ ಅಕ್ಷರಗಳ ಹಲಗೆ ಕಡೆಗೆ ಹಿಡಿಯಲು ಹೇಳಿದೆ. ಅದು ಇಪ್ಪತ್ತು ಅಡಿ.

"ಏನು ಕಾಣುತ್ತಿದೆ?"

"ಬಾಲ ಇದೆ. ಗಡಿಯಾರದಲ್ಲಿ ಎರಡು ಗಂಟೆ ಇರುವ ಕಡೆಗೆ."

ರೆಡ್ ಡಾಟನ್ನು ಅವರ ಕೈಯಲ್ಲೇ ಅಡ್ಡಕ್ಕೆ ಮಲಗಿಸಿದೆ. "ಈಗ?"

"ಬಾಲ ಅಲ್ಲೇ ಇದೆ."

"ಸಾಧನ ಕೆಟ್ಟಿದ್ದರೆ ಅದರ ಜೊತೆ ಬಾಲವೂ ತಿರುಗಬೇಕಿತ್ತು. ಈಗ ನಿಮ್ಮ ತಲೆ ವಾಲಿಸಿ."

ವಾಲಿಸಿದರು. ಬಾಲವೂ ವಾಲಿತು. ಪರೀಕ್ಷೆಗೆ ಲೆನ್ಸ್ ಇಡುವ ಟ್ರಯಲ್ ಫ್ರೇಮ್ ಹಾಕಿ, ಒಂದೇ ದಿಕ್ಕಿನಲ್ಲಿ ಪವರ್ ಇರುವ 1.25ರ ಸಿಲಿಂಡರ್ ಲೆನ್ಸ್ ಇಟ್ಟು ನಿಧಾನ ತಿರುಗಿಸಿದೆ. ಬಾಲ ಮೋಟಾಯಿತು, ಒಳಗೆ ಸೇರಿತು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅದರ ಹಿಂದಿನ ವರ್ಷದ ಒಂದು ಜಿಂಕೆಯ ವಿಷಯ ಹೇಳಿದರು. ಹೊಟ್ಟೆಗೆ ತಾಗಿತ್ತು. ಕತ್ತಲಾಗುವವರೆಗೆ ರಕ್ತದ ಜಾಡು ಹಿಡಿದು ಹೋಗಿದ್ದರು, ಸಿಕ್ಕಿರಲಿಲ್ಲ. ಚುಕ್ಕಿಯ ಯಾವ ತುದಿಯನ್ನು ನಂಬಬೇಕೆಂದು ಗೊತ್ತಾಗಲಿಲ್ಲ ಅಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ನಾನು ಇಷ್ಟು ಹಟ ಹಿಡಿದು ಬರೆಯುವುದು ಅದಕ್ಕೇ.

ಇದರ ಹೆಸರು ಅಸ್ಟಿಗ್ಮ್ಯಾಟಿಸಮ್. ಕಣ್ಣಿನ ಮುಂಭಾಗ ಕ್ರಿಕೆಟ್ ಬಾಲಿನ ಹಾಗೆ ಗುಂಡಗಿರುವ ಬದಲು ಮೊಟ್ಟೆಯ ಹಾಗೆ ಒಂದು ಕಡೆ ಜಾಸ್ತಿ ಬಾಗಿರುತ್ತದೆ. ಚೀಟಿಯಲ್ಲಿ ಸಿಲಿಂಡರ್ ಅಂತ ಬರೆದಿರುತ್ತಾರಲ್ಲ, ಅದು ಇದಕ್ಕೆ. ಅರ್ಧ ಮುಕ್ಕಾಲು ಪವರ್ ಇದ್ದರೆ ಎಷ್ಟೋ ಜನ "ಸ್ವಲ್ಪವೇ ಅಲ್ವಾ" ಅಂತ ಬಿಟ್ಟುಬಿಡುತ್ತಾರೆ. ಪುಸ್ತಕ ಓದಲು, ಟಿವಿ ನೋಡಲು ನಡೆಯುತ್ತದೆ. ಕತ್ತಲ ಹಿನ್ನೆಲೆಯಲ್ಲಿ ಒಂದೇ ಒಂದು ಬೆಳಕಿನ ಚುಕ್ಕಿ ಇಟ್ಟರೆ ಆ ದೋಷಕ್ಕೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಮನೆಯಲ್ಲೇ ನೋಡಿಕೊಳ್ಳಬಹುದು. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಕಣ್ಣಿಗೆ ಹತ್ತಿರ ಹಿಡಿದು ಚುಕ್ಕಿ ನೋಡಿ. ದುಂಡಗಾಯಿತೆಂದರೆ ತೊಂದರೆ ಬಹುತೇಕ ನಿಮ್ಮ ಕಣ್ಣಿನ ಪವರಿನದು. ಮೊಬೈಲಿನಲ್ಲಿ ಫೋಟೋ ತೆಗೆದೂ ನೋಡಬಹುದು, ಆದರೆ ಬೆಳಕು ತುಂಬಾ ತಗ್ಗಿಸಿ, ಇಲ್ಲವಾದರೆ ಕ್ಯಾಮೆರಾ ಕೂಡ ಚುಕ್ಕಿಯನ್ನು ಹರಡಿಸುತ್ತದೆ. ಅದಕ್ಕೂ ಮೊದಲು ಗಾಜು ಒರೆಸಿ. ತೆರೆದ ಮಾದರಿಯ ರೆಡ್ ಡಾಟಿನಲ್ಲಿ ಎಲ್‌ಇಡಿ ಮೇಲೆ ಒಂದು ಹನಿ ನೀರು ಕೂತರೂ ಚುಕ್ಕಿ ಚದುರುತ್ತದೆ. ಹಿಮ ಬೀಳುವ ಊರಿನವರು ಸುತ್ತ ಮುಚ್ಚಿದ ಮಾದರಿ ತಗೊಳ್ಳುವುದು ಒಳ್ಳೆಯದು. ಇದು ಕಣ್ಣು ನೋಡದೆ ಹೇಳುವ ಮಾತು, ಪರೀಕ್ಷೆಗೆ ಬದಲಿ ಅಲ್ಲ. ಪೊರೆ ಬಂದಿದ್ದರೂ, ಕಣ್ಣು ಒಣಗಿದ್ದರೂ ಚುಕ್ಕಿ ಒಡೆಯುತ್ತದೆ.

ಹಾಸನದ ಕಡೆಯ ಹುಡುಗನೊಬ್ಬ ಪಿಟ್ಸ್‌ಬರ್ಗಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕನ್ನಡ ಸಂಘದಲ್ಲಿ ಪರಿಚಯ. ಕಳೆದ ವರ್ಷ ಫೋನ್ ಮಾಡಿದ.

"ಅಕ್ಕಾ, ಚುಕ್ಕಿ ಎರಡೆರಡು ಕಾಣ್ತಿದೆ. ವಾಪಸ್ ಕಳಿಸಿಬಿಡ್ತೀನಿ."

"ತಡಿಯಪ್ಪ. ಅಂಗಡೀಲಿ ನೋಡಿದಾಗ ಹೇಗಿತ್ತು?"

"ಅಲ್ಲಿ ಚೆನ್ನಾಗೇ ಇತ್ತು."

"ಅವತ್ತು ಕನ್ನಡಕ ಹಾಕಿದ್ಯಾ, ಕಾಂಟ್ಯಾಕ್ಟ್ ಲೆನ್ಸಾ?"

ಅಂಗಡಿಗೆ ಹೋದಾಗ ಕನ್ನಡಕ. ಕಾಡಿಗೆ ಹೋಗುವಾಗ ಮಂಜು ಕೂರಬಾರದು ಅಂತ ಕಾಂಟ್ಯಾಕ್ಟ್ ಲೆನ್ಸ್. ಅವನ ಕನ್ನಡಕದಲ್ಲಿ ಸಿಲಿಂಡರ್ ಪವರ್ ಇತ್ತು, ಲೆನ್ಸಿನಲ್ಲಿ ಇರಲಿಲ್ಲ. ಅದಕ್ಕೆ ಟೋರಿಕ್ ಲೆನ್ಸ್ ಅಂತ ಬೇರೆಯೇ ಬರುತ್ತದೆ. ಅದು ಹಾಕಿಸಿಕೊಂಡ ಮೇಲೆ ಎರಡು ಒಂದಾಯಿತು.

ಅಂಗಡಿಯಲ್ಲಿ ಸರಿ ಇದ್ದದ್ದು ಕಾಡಿನಲ್ಲಿ ಕೆಡಲು ಇನ್ನೊಂದು ಕಾರಣವೂ ಇದೆ. ಇಲ್ಲಿ ಜಿಂಕೆ ಬೇಟೆಗೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ ಅವಕಾಶ. ಜಿಂಕೆ ಓಡಾಡುವುದು ಆ ಎರಡು ಮಬ್ಬು ಹೊತ್ತಿನಲ್ಲೇ ಜಾಸ್ತಿ. ಆಗ ನಿಮ್ಮ ಪಾಪೆ ಅಗಲವಾಗಿ ತೆರೆದಿರುತ್ತದೆ, ಕಣ್ಣಿನ ಅಂಚಿನ ದೋಷವೆಲ್ಲ ಒಳಗೆ ಬರುತ್ತದೆ. ಟ್ಯೂಬ್‌ಲೈಟ್ ಕೆಳಗೆ ನೋಡಿ ಕೊಳ್ಳಬೇಡಿ. ಅಂಗಡಿಯವರನ್ನು ಕೇಳಿ, ಸಂಜೆ ಹೊತ್ತು ಬಾಗಿಲಾಚೆ ನಿಂತು ನೋಡಿ. ಬೆಳಕು ತಗ್ಗಿಸುವ ಮೆಟ್ಟಿಲುಗಳು ಕೆಳಗಿನ ಕಡೆ ಎಷ್ಟಿವೆ ನೋಡಿ. ಜೋರಾಗಿ ಉರಿಯುವುದು ದೊಡ್ಡದಲ್ಲ, ಮಂದವಾಗುವುದು ಮುಖ್ಯ.

ಚುಕ್ಕಿಯ ಅಳತೆಯನ್ನು ಎಂಒಎ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಎಂಒಎ ಅಂದರೆ 100 ಗಜದಲ್ಲಿ ಒಂದು ಇಂಚಿಗಿಂತ ಚೂರು ಜಾಸ್ತಿ. 50 ಗಜದಲ್ಲಿ ಅದರ ಅರ್ಧ. ಎಲ್ಲರೂ 2 ಎಂಒಎ ಕೇಳುತ್ತಾರೆ, ಚಿಕ್ಕದಾದಷ್ಟೂ ಕರಾರುವಾಕ್ಕು ಅಂತ. ಚಿಕ್ಕ ಚುಕ್ಕಿ ಕಾಣಲಿಲ್ಲ ಅಂತ ಬೆಳಕು ಏರಿಸುತ್ತಾರೆ, ಬಾಲ ಇನ್ನೂ ಉದ್ದವಾಗುತ್ತದೆ. 6 ಎಂಒಎ ಚುಕ್ಕಿ 50 ಗಜದಲ್ಲಿ ಮುಚ್ಚುವುದು ಮೂರು ಇಂಚು ಚಿಲ್ಲರೆ. ಜಿಂಕೆಯ ಎದೆಯಲ್ಲಿ ಗುರಿ ಇಡುವ ಜಾಗ ಎಂಟು ಇಂಚಿನಷ್ಟಿದೆ. ರಿವಾಲ್ವರಿಗೆ 4ರಿಂದ 6 ಸಾಕು ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಅಸ್ಟಿಗ್ಮ್ಯಾಟಿಸಮ್ ಇದ್ದರೆ ಪ್ರಿಸಮ್ ಸೈಟ್ ಅನ್ನುವ ಬೇರೆ ಬಗೆಯ ಗುರಿ ಸಾಧನ ತಗೊಳ್ಳಿ ಅಂತ ಯಾರಾದರೂ ಹೇಳುತ್ತಾರೆ. ರೈಫಲ್ಲಿಗೆ ಆ ಮಾತು ಸರಿ. ಪ್ರಿಸಮ್‌ಗೆ ಕಣ್ಣು ಮೂರು ನಾಲ್ಕು ಇಂಚು ಹತ್ತಿರ ಇರಬೇಕು. ಕೈ ಚಾಚಿ ಹಿಡಿದರೆ ಕಪ್ಪು ತೂತು ಕಾಣುತ್ತದೆ ಅಷ್ಟೇ. ಕಾಣಲಿ ಅಂತ .44 ಮ್ಯಾಗ್ನಮನ್ನು ಮುಖದ ಹತ್ತಿರ ತಂದಿರೋ, ಅದು ಹಿಂದಕ್ಕೆ ಒದೆಯುವ ರಭಸಕ್ಕೆ ಹುಬ್ಬು ಒಡೆಯುತ್ತದೆ, ಕಣ್ಣೂ ಹೋಗಬಹುದು. ದಯವಿಟ್ಟು ಬೇಡ.

ಬಣ್ಣದ ಬಗ್ಗೆಯೂ ಕೇಳಿ ನೋಡಿ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಅವರಲ್ಲಿ ಕೆಲವರಿಗೆ ಕೆಂಪು ಬಣ್ಣವೇ ಮಂಕು. ಅಂಥವರು ಹಸಿರು ಚುಕ್ಕಿಯದು ತಗೊಳ್ಳಬೇಕು. ಪೊರೆಯ ಆಪರೇಷನ್ ಮಾಡಿಸಿಕೊಳ್ಳುವವರು ಬೇಟೆಯ ವಿಷಯವನ್ನು ಸರ್ಜನ್‌ಗೆ ಮೊದಲೇ ಹೇಳಿ. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸ್ ಕಣ್ಣೊಳಗೆ ಹಾಕಿದರೆ ಕೆಲವರಿಗೆ ಬೆಳಕಿನ ಸುತ್ತ ಉಂಗುರ ಕಾಣುತ್ತದೆ. ಸ್ಕ್ರೂ, ಮೌಂಟ್, ತೂಕದ ವಿಷಯ ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಕೇಳಿ, ಅದು ಅವರ ವಿದ್ಯೆ.

ನನ್ನಲ್ಲಿಗೆ ಬರುವುದಾದರೆ ರೆಡ್ ಡಾಟನ್ನು ಬಿಚ್ಚಿ ಅದೊಂದನ್ನೇ ತನ್ನಿ. ರಿವಾಲ್ವರ್ ಖಾಲಿ ಇದ್ದರೂ ಬೇಡ, ಕಾರಿನಲ್ಲೂ ಬೇಡ. ಹೊಸ ಬ್ಯಾಟರಿ ಹಾಕಿರಿ. ಕಾಡಿಗೆ ಹಾಕಿಕೊಂಡು ಹೋಗುವ ಕನ್ನಡಕವನ್ನೇ, ಲೆನ್ಸನ್ನೇ ಹಾಕಿಕೊಂಡು ಬನ್ನಿ. ಸೆಪ್ಟೆಂಬರಿನಲ್ಲೇ ಬನ್ನಿ, ಏಕೆಂದರೆ ಕನ್ನಡಕ ತಯಾರಾಗಿ ಬರಲು ಹತ್ತು ದಿನ ಬೇಕು, ಹೊಸ ಸಿಲಿಂಡರಿಗೆ ಕಣ್ಣು ಒಗ್ಗಲು ಇನ್ನೊಂದು ವಾರ ಹಿಡಿಯುತ್ತದೆ. ಕಳೆದ ವರ್ಷ ಸೀಸನ್‌ಗೆ ಎರಡು ದಿನ ಇರುವಾಗ ಮೂವರು ಬಂದರು. ನನ್ನಿಂದ ಏನೂ ಮಾಡಲಾಗಲಿಲ್ಲ. ಈ ಸಲ ರಿವಾಲ್ವರ್ ಮನೆಯಲ್ಲೇ ಇರಲಿ ಅಂದೆ. ಇಬ್ಬರು ಒಪ್ಪಿ ರೈಫಲ್ ತಗೊಂಡು ಹೋದರು.